ಕಂದೀಲು ಉರಿಯುತ್ತಲೇ ಇತ್ತು

ಗಟಾರದ ಕೆಲಸಕ್ಕೆ ಸೇರಿದ ಹೊಸಬರು ಮೊದಮೊದಲು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಾರೆ. ಕೆಲವು ದಿನ ಕಳೆದ ಮೇಲೆ ಅದು ಕಿಸೆಗೆ ಇಳಿಯುತ್ತದೆ. ಆಮೇಲೆ ಅದನ್ನು ಮನೆಯಲ್ಲೇ ಮರೆತು ಬರುತ್ತಾರೆ. ನನಗೂ ಹಾಗೆಯೇ ಆಯಿತು. ಮೂಗು ಒಗ್ಗಿಕೊಳ್ಳುತ್ತದೆ, ಹೆದರಬೇಡ ಎಂದು ಹಿರಿಯರು ಧೈರ್ಯ ಹೇಳುತ್ತಿದ್ದರು. ಮೂಗು ಒಗ್ಗಿಕೊಳ್ಳುವುದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ ಎಂದು ನಾನು ತಿಳಿದದ್ದು ಒಂದು ಬೇಸಿಗೆಯ ಮುಂಜಾನೆ, ಒಂದು ಹೊಲಸು ಬಾವಿಯ ದಂಡೆಯ ಮೇಲೆ ನಿಂತುಕೊಂಡು. ಅದನ್ನು ನಿಧಾನವಾಗಿ, ನೆನಪಿದ್ದಷ್ಟನ್ನು ಮಾತ್ರ ಬರೆಯುತ್ತೇನೆ. ನೆನಪಿಲ್ಲದ ಕಡೆ ಇಲ್ಲವೆಂದೇ ಹೇಳುತ್ತೇನೆ.

ನಾನು ಓವರ್ಸಿಯರ್ ಆಗಿ ಸೇರಿದಾಗ ನಮ್ಮ ಭಾಗ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಗಟಾರ, ಬಾವಿ, ನೀರಿನ ತೊಟ್ಟಿಗಳ ಕೆಲಸ ನೋಡುತ್ತ ತಿರುಗಿದೆ. ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ಸೈಕಲ್ಲು. ನೆಲದಡಿಯ ಕೊಳವೆ ಎಂಬುದು ಈ ಊರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯ ಮುಂದೆ ಕಲ್ಲಿನ ಗಟಾರ, ಅದರ ಬಾಯಿಗೆ ಕಬ್ಬಿಣದ ಜಾಳಿಗೆ. ಜಾಳಿಗೆಗೆ ಸಿಕ್ಕಿಕೊಂಡದ್ದನ್ನು ನೋಡಿದರೆ ಯಾವ ಊರಿಗೆ ಬಂದಿದ್ದೇನೆ ಎಂದು ತಿಳಿಯುತ್ತಿತ್ತು. ಇಂಡಿಯಲ್ಲಿ ಲಿಂಬೆಯ ಸಿಪ್ಪೆ, ಬಾಗೇವಾಡಿಯಲ್ಲಿ ಉಳ್ಳಾಗಡ್ಡಿಯ ಪರೆ, ಮುದ್ದೇಬಿಹಾಳದಲ್ಲಿ ಹತ್ತಿಯ ಎಳೆ. ಸಿಂದಗಿಯಲ್ಲಿ ಸಂತೆಯ ಮರುದಿನ ಎಲ್ಲವೂ ಇರುತ್ತಿತ್ತು. ಒಮ್ಮೆ ಒಂದು ಹೊಚ್ಚ ಹೊಸ ಚಪ್ಪಲಿಯೂ ಇತ್ತು, ಒಂದೇ ಕಾಲಿನದು.

ನನ್ನ ಮೊದಲ ಸಾಹೇಬರು ಮರಾಠಿ ಮಾತಿನವರು, ಕಡಿಮೆ ಮಾತಿನವರು. ಅವರು ಕಲಿಸಿದ ಮೊದಲ ಪಾಠಕ್ಕೆ ಯಾವ ಉಪಕರಣವೂ ಬೇಡ. ಒಂದು ಬೇವಿನ ಎಲೆ ಕಿತ್ತು ಗಟಾರಕ್ಕೆ ಹಾಕು, ಅದರ ಜೊತೆ ನಡೆ, ಎಲೆ ನಿಂತಲ್ಲಿ ನೀನೂ ನಿಲ್ಲು ಎಂದರು. ಮುದ್ದೇಬಿಹಾಳದ ಒಂದು ಬೀದಿಯಲ್ಲಿ ನಾನು ಹಾಗೆ ಎಲೆಯ ಹಿಂದೆ ನಡೆಯುತ್ತಿದ್ದಾಗ ಎಲೆ ಒಂದು ಭಜಿ ಅಂಗಡಿಯ ಮುಂದೆ ನಿಂತಿತು. ನಾನೂ ನಿಂತೆ. ಅಂಗಡಿಯವ ನಾನು ಭಜಿಗಾಗಿ ನಿಂತಿದ್ದೇನೆ ಎಂದು ತಿಳಿದು ಬಿಸಿಬಿಸಿ ಭಜಿ ಕೊಟ್ಟ. ತಿಂದೆ. ತಿಂದು ಮುಗಿಸಿ ಹಾಸುಗಲ್ಲು ಎತ್ತಿಸಿ ನೋಡಿದರೆ, ಅವನು ಗಟಾರಕ್ಕೆ ಅಡ್ಡಲಾಗಿ ಒಂದು ಹಳೆಯ ಬೀಸುವ ಕಲ್ಲು ಇಟ್ಟು ನೀರು ಕಟ್ಟಿದ್ದ, ಅಂಗಡಿಯ ಮುಂದಿನ ಧೂಳಿಗೆ ಚಿಮುಕಿಸಲು. ಕೇಳಿದ್ದಕ್ಕೆ ಅವನು ಎಣ್ಣೆಯ ಬಾಣಲೆಯಿಂದ ಕಣ್ಣು ತೆಗೆಯದೆ, “ನೀರು ಸುಮ್ನ ಹೊಂಟಿತ್ರಿ. ತುಸು ನಿಂದ್ರು ಅಂದೆ” ಎಂದ. ಭಜಿ ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿತ್ತು, ಬೈಯಲು ಬಾಯಿ ಬರಲಿಲ್ಲ.

ಇನ್ನು ಪಂಪಿನ ಮನೆಯ ವಿಷಯ. ಅದು ಈ ಸೀಮೆಯ ಒಂದು ಊರಿನದು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಹಳಬರು ಓದಿದರೆ ಅವರಿಗೆ ತಿಳಿಯುತ್ತದೆ, ಉಳಿದವರಿಗೆ ಅದು ಬೇಕಾಗಿಲ್ಲ.

ಆ ಊರು ತಟ್ಟೆಯಂತೆ ಒಂದು ಕಡೆಗೆ ವಾಲಿತ್ತು. ಎಲ್ಲ ಗಟಾರಗಳ ನೀರೂ ಕೆಳಗಿನ ಓಣಿಗೆ ಬರುತ್ತಿತ್ತು. ಆ ಓಣಿಯಲ್ಲೇ ಊರಿನ ಸಿಹಿನೀರಿನ ಬಾವಿಯೂ ಇತ್ತು. ಇದೇ ತೊಡಕು. ಹೊಲಸು ನೀರು ಅಲ್ಲಿ ನಿಂತರೆ ಬಾವಿಗೆ ಇಳಿಯುತ್ತದೆ, ಬಾವಿಗೆ ಇಳಿದರೆ ಊರಿಗೆಲ್ಲ ವಾಂತಿ, ಭೇದಿ. ಆದ್ದರಿಂದ ಗಟಾರದ ನೀರನ್ನು ಒಂದು ಕಲ್ಲುಕಟ್ಟಿನ ದುಂಡು ಬಾವಿಯಲ್ಲಿ ಕೂಡಿಸಿ, ಎಣ್ಣೆಯ ಇಂಜಿನ್ನಿನ ಪಂಪಿನಿಂದ ಮೇಲೆತ್ತಿ, ದಿಬ್ಬದ ಆಚೆಯ ಹೊಲಗಳಿಗೆ ಬಿಡುತ್ತಿದ್ದರು. ಆ ದುಂಡು ಬಾವಿಗೆ ಜನ ಹೊಲಸು ಬಾವಿ ಎನ್ನುತ್ತಿದ್ದರು. ಮೇಲೆ ಹಾಸುಗಲ್ಲು ಮುಚ್ಚಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟಿದ್ದರು.

ಇಂಜಿನ್ ನಡೆಸುವವ ಹುಸೇನಸಾಬ. ಅವನ ಮನೆತನ ಆ ಊರಲ್ಲಿ ಎಷ್ಟು ತಲೆಮಾರಿನದು ಎಂದು ಅವನಿಗೂ ತಿಳಿದಿರಲಿಲ್ಲ. ಇಂಜಿನ್ನಿಗೆ ಅವನು ‘ಮುದುಕಿ’ ಎನ್ನುತ್ತಿದ್ದ. ಮುದುಕಿಗೆ ಚಳಿಯಾದರೆ ಏಳುವುದಿಲ್ಲ, ಸೆಕೆಯಾದರೆ ಕೂಡುವುದಿಲ್ಲ, ಸಾಹೇಬರು ನೋಡಲು ಬಂದರೆ ಕೆಮ್ಮುತ್ತಾಳೆ ಎಂದು ಹೇಳುತ್ತಿದ್ದ. ಹ್ಯಾಂಡಲ್ ತಿರುಗಿಸುವ ಮುಂಚೆ ಗಾಲಿಯನ್ನು ಒಮ್ಮೆ ತಟ್ಟುತ್ತಿದ್ದ, ಎತ್ತಿನ ಬೆನ್ನು ತಟ್ಟಿದಂತೆ.

ಮುದುಕಿಗಿಂತ ದೊಡ್ಡ ಕಾಟ ಫುಟ್‌ವಾಲ್ವಿನದು. ನೀರು ಹೀರುವ ಕೊಳವೆಯ ಕೆಳತುದಿಯಲ್ಲಿ ಇರುವ ಬಾಗಿಲು ಅದು. ಅದಕ್ಕೆ ಚಿಂದಿ, ಕೂದಲು, ಹತ್ತಿಕಟ್ಟಿಗೆ ಸಿಕ್ಕಿಕೊಂಡರೆ ಬಾಗಿಲು ಮುಚ್ಚುವುದಿಲ್ಲ. ಮುಚ್ಚದಿದ್ದರೆ ಕೊಳವೆಯ ನೀರು ಇಳಿದುಹೋಗುತ್ತದೆ, ಪಂಪು ಬರಿಗಾಳಿ ಹೀರುತ್ತ ತಿರುಗುತ್ತದೆ. ಆಗ ಯಾರಾದರೂ ಹೊಲಸು ಬಾವಿಗೆ ಇಳಿದು ಅದನ್ನು ಬಿಡಿಸಬೇಕು. ಇಳಿಯುವವನು ಯಮನಪ್ಪ.

ಯಮನಪ್ಪನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗಟಾರದ ಕೆಲಸಕ್ಕೆ ಬರುವ ಮುಂಚೆ ಅವನದು ಹಗೇವಿಗೆ ಇಳಿಯುವ ಕಸುಬು. ಹಗೇವು ಎಂದರೆ ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿ ಜೋಳ ತುಂಬಿ ಮುಚ್ಚಿಡುವ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ವರ್ಷ ಕಳೆದು ತೆರೆದಾಗ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರದಿಂದ ಇಳಿದು ಅಲ್ಲೇ ಉಳಿದವರ ಕಥೆ ಪ್ರತಿ ಊರಲ್ಲೂ ಒಂದೆರಡು ಇರುತ್ತಿದ್ದವು. ಆದ್ದರಿಂದ ಹಗೇವಿಗೆ ಇಳಿಯುವವರಿಗೆ ಕಟ್ಟುಪಾಡುಗಳಿದ್ದವು. ಮೊದಲು ಹಗ್ಗಕ್ಕೆ ಕಟ್ಟಿ ಕಂದೀಲು ಇಳಿಬಿಡಬೇಕು. ಅದು ಉರಿದರೆ ಇಳಿಯಬೇಕು, ಆರಿದರೆ ಕಾಯಬೇಕು. ಇಳಿಯುವವನ ಎದೆಗೆ ಹಗ್ಗ ಇರಬೇಕು. ಹಗ್ಗದ ತುದಿ ಹಿಡಿದವನು ಮೇಲಿನಿಂದ ಮಾತಾಡಿಸುತ್ತಲೇ ಇರಬೇಕು, ಕೆಳಗಿನವನು ಉತ್ತರ ಕೊಡುತ್ತಲೇ ಇರಬೇಕು. ಉತ್ತರ ತಡವಾದರೆ ಜಗ್ಗಬೇಕು, ಕೇಳುವುದು ಆಮೇಲೆ. ಕೆಳಗಿನವನು ಬಿದ್ದರೆ ಇನ್ನೊಬ್ಬ ಇಳಿಯಬಾರದು.

ಈ ಕಟ್ಟುಗಳನ್ನೆಲ್ಲ ಯಮನಪ್ಪ ಹೊಲಸು ಬಾವಿಗೂ ತಂದಿದ್ದ. ಹಗ್ಗ ಹಿಡಿಯುವವ ಹುಸೇನಸಾಬ. ಅವರಿಬ್ಬರ ಮಾತುಕತೆ ಕೇಳಲು ಓಣಿಯ ಜನ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಎದುರು ಮನೆಯ ಚಂದವ್ವ ಕಟ್ಟೆಯ ಮೇಲೆ ಕುಳಿತು ಅಕ್ಕಿಯೋ ಬೇಳೆಯೋ ಆರಿಸುತ್ತ ನಡುವೆ ತನ್ನದೂ ಒಂದು ಮಾತು ಸೇರಿಸುತ್ತಿದ್ದಳು. ಚಂದವ್ವ ಮುಪ್ಪಿನ ವಿಧವೆ, ಇಡೀ ಓಣಿಗೆ ಅತ್ತೆಯಂತಿದ್ದಳು. ಪಂಪು ಕೆಟ್ಟರೆ ಮೊದಲು ನೀರು ಬರುವುದು ಅವಳ ಹೊಸ್ತಿಲಿಗೆ. ಆದ್ದರಿಂದ ನಮ್ಮನ್ನು ಬೈಯುವ ಮೊದಲ ಹಕ್ಕೂ ಅವಳದೇ. ಬೈದಾದ ಮೇಲೆ ಮಜ್ಜಿಗೆ ಕೊಡುತ್ತಿದ್ದಳು. ನನಗೂ ಹುಸೇನಸಾಬನಿಗೂ ಲೋಟದಲ್ಲಿ. ಯಮನಪ್ಪನಿಗೆ ಮೇಲಿನಿಂದ, ಬೊಗಸೆಗೆ. ಯಮನಪ್ಪನ ಕೇರಿ ಊರ ಅಂಚಿನಲ್ಲಿತ್ತು. ಯಾವ ಸಿಹಿನೀರಿನ ಬಾವಿ ಕೆಡಬಾರದೆಂದು ಅವನು ಹೊಲಸಿಗೆ ಇಳಿಯುತ್ತಿದ್ದನೋ, ಆ ಬಾವಿಗೆ ಅವನು ಕೊಡ ಇಳಿಬಿಡುವಂತಿರಲಿಲ್ಲ. ಆಗ ಇದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಈಗ ಬರೆಯುವಾಗ ಕಾಣುತ್ತಿದೆ.

ಏಕೀಕರಣವಾಗಿ ಕೆಲವು ವರ್ಷ ಕಳೆದಿದ್ದವು. ಊರಿಗೆ ವಿದ್ಯುತ್ತು ಬಂತು. ಮುದುಕಿ ಅಷ್ಟರಲ್ಲಿ ಪೂರಾ ಸೋತಿದ್ದಳು. ಪಂಪಿನ ಒಳಗಿನ ಚಕ್ರ ಸವೆದು ಅಂಚು ಬ್ಲೇಡಿನಂತಾಗಿತ್ತು, ಹೊಲಸು ಬಾವಿಯ ಒಂದು ಮಗ್ಗುಲಿನ ಕಲ್ಲು ಸಡಿಲಾಗಿದ್ದವು. ಹೊಸ ಪಂಪು, ಮೋಟಾರು ಮಂಜೂರಾದವು. ಕೆಲಸ ನೋಡಿಕೊಳ್ಳಲು ಹೊಸ ಇಂಜಿನಿಯರ್ ಸಾಹೇಬರು ಬಂದರು. ಮೈಸೂರು ಕಡೆಯವರು, ತೆಳ್ಳಗಿನ ಮನುಷ್ಯ, ಎಲ್ಲರಿಗೂ ಬಹುವಚನ. ನಮ್ಮ ಜನ ಮಾತಾಡಿದರೆ ಜಗಳವಾಡುತ್ತಿದ್ದಾರೆ ಎಂದುಕೊಂಡು ಮೊದಲ ದಿನ ಬಿಡಿಸಲು ಹೋಗಿದ್ದರು. ಚಂದವ್ವ ಅವರನ್ನು ನೋಡಿ, “ಈ ಸಾಹೇಬ ಮಾತಾಡಿದ್ರ ಹಾಲು ಕುಡಿದಂಗ ಆಗತೈತಿ. ಬೈಯಾಕ ಬರತೈತೋ ಇಲ್ಲೋ” ಎಂದು ನನ್ನನ್ನು ಕೇಳಿದಳು. ಬರುವುದಿಲ್ಲ ಎಂದೆ. ಹಾಗಾದರೆ ಇಲ್ಲಿ ಬಾಳುವುದು ಕಷ್ಟ ಎಂದಳು.

ನಾನು ಸಾಹೇಬರ ಮುಂದೆ ಒಂದು ಕೋರಿಕೆ ಇಟ್ಟೆ. ಹೊಲಸು ಬಾವಿಯ ಪಕ್ಕದಲ್ಲಿ ಅಷ್ಟೇ ಆಳದ ಇನ್ನೊಂದು ಬಾವಿ ತೋಡೋಣ, ಒಣ ಬಾವಿ. ಪಂಪನ್ನು ಅದರ ತಳದಲ್ಲಿ ಕೂರಿಸಿದರೆ ಹೊಲಸು ನೀರು ಕೊಳವೆಯಿಂದ ತಾನಾಗಿ ಪಂಪಿಗೆ ಬರುತ್ತದೆ. ಫುಟ್‌ವಾಲ್ವೇ ಬೇಡ. ಗಟಾರದ ಬಾಯಿಗೆ ಸರಪಳಿಯಿಂದ ಎತ್ತಬಲ್ಲ ಕಬ್ಬಿಣದ ಬುಟ್ಟಿ ಹಾಕಿದರೆ ಕಸ ಅಲ್ಲೇ ನಿಲ್ಲುತ್ತದೆ. ದಿನನಿತ್ಯ ಯಾರೂ ಹೊಲಸಿಗೆ ಇಳಿಯಬೇಕಾಗಿಲ್ಲ. ಸಾಹೇಬರು ನಕಾಶೆಯನ್ನು ಬಹಳ ಹೊತ್ತು ನೋಡಿದರು. ತಳ್ಳಿಹಾಕುವ ಮನುಷ್ಯ ಅವರಲ್ಲ. ಕೆಳಗೆ ಕರಿಕಲ್ಲು ಇದೆ, ತೋಡುವುದರೊಳಗೆ ಮಳೆ ಬರುತ್ತದೆ, ನಡುವೆ ಹಳೆಯ ಇಂಜಿನ್ ಕೈಕೊಟ್ಟರೆ ಸಿಹಿನೀರಿನ ಬಾವಿ ಹೋಯಿತು, ಊರಿಗೆ ಬೇನೆ ಬಂದರೆ ಯಾರು ಹೊಣೆ ಎಂದರು. ಅವರ ಮಾತೂ ಸುಳ್ಳಲ್ಲ. ಹೊಸ ಪಂಪನ್ನು ಹಳೆಯ ಕಟ್ಟೆಯ ಮೇಲೇ ಕೂರಿಸಿದರೆ ಮಳೆಗೆ ಮುಂಚೆ ಕೆಲಸ ಮುಗಿಯುತ್ತಿತ್ತು.

ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು. ಇಳಿಯುವವರಿಗೆ ಇದುವರೆಗೆ ಏನಾದರೂ ಆಗಿದೆಯೇ? ಇಲ್ಲ ಎಂದೆ. ಒಳಗಿನ ಗಾಳಿಯನ್ನು ಹೇಗೆ ಪರೀಕ್ಷೆ ಮಾಡುತ್ತಾರೆ? ಅದಕ್ಕೆ ಪಕ್ಕದಲ್ಲಿ ನಿಂತಿದ್ದ ಯಮನಪ್ಪನೇ ಉತ್ತರ ಕೊಟ್ಟ: “ಕಂದೀಲ ಬಿಟ್ಟು ನೋಡ್ತೇವ್ರಿ. ಉರೀತಂದ್ರ ನಾವೂ ಉರೀತೇವು.” ಸಾಹೇಬರ ಮುಖ ಅರಳಿತು. ತಾವು ಕಾಲೇಜಿನಲ್ಲಿ ಓದಿದ್ದೂ ಇದೇ ಎಂದರು. ಓದಿದವರೂ ಓದದವರೂ ಒಂದೇ ಮಾತು ಹೇಳಿದರು. ಒಣ ಬಾವಿಯ ನಕಾಶೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ಹೊಸ ಪಂಪಿಗೆ ಹೊಸ ಫುಟ್‌ವಾಲ್ವು ಹಾಕಲು ಹಳೆಯದನ್ನು ಕೀಳಬೇಕಿತ್ತು. ಅದು ತಳದ ರಾಡಿಯಲ್ಲಿ ಹುಗಿದುಹೋಗಿತ್ತು. ಆ ಮುಂಜಾನೆ ಮುದುಕಿಯನ್ನು ನಡೆಸಿ ನೀರನ್ನು ಎತ್ತಿದಷ್ಟೂ ಎತ್ತಿದೆವು. ಬಾಯಿಯ ಪಕ್ಕದ ಎರಡು ಹಾಸುಗಲ್ಲು ಸರಿಸಿ ಗಾಳಿಯಾಡಲು ಬಿಟ್ಟೆವು. ಬಿಸಿಲು ಇನ್ನೂ ಏರಿರಲಿಲ್ಲ. ಗಾಳಿ ಇರಲಿಲ್ಲ, ಬೇವಿನ ಎಲೆ ಅಲುಗುತ್ತಿರಲಿಲ್ಲ. ಹುಸೇನಸಾಬ ಕಂದೀಲು ಇಳಿಬಿಟ್ಟ. ಅದು ತಳದ ಹತ್ತಿರ ನಿಂತು ಉರಿಯಿತು. ಕುಡಿ ಅಲುಗಲಿಲ್ಲ, ಸಣ್ಣದಾಗಲಿಲ್ಲ. ಸಾಹೇಬರು ಬಗ್ಗಿ ನೋಡಿ ಸರಿ ಎಂದರು. ಯಮನಪ್ಪ ಎದೆಗೆ ಹಗ್ಗ ಕಟ್ಟಿಕೊಂಡು, ಕಬ್ಬಿಣದ ಹಾರೆಯನ್ನು ಮುಂಚೆ ಇಳಿಬಿಟ್ಟು, ನಿಚ್ಚಣಿಕೆಯ ಮೇಲೆ ಇಳಿದ.

ಅವನ ಮಗಳ ಮದುವೆ ಅಗರಖೇಡದ ಹುಡುಗನೊಂದಿಗೆ ಗೊತ್ತಾಗಿತ್ತು. ಹುಸೇನಸಾಬ ಅಲ್ಲಿಂದಲೇ ಶುರು ಮಾಡಿದ.

“ಏ ಯಮನಪ್ಪ, ಅಳಿಯಾ ಏನ್ ಮಾಡ್ತಾನೋ?”

“ಉಣ್ತಾನ, ಮಲಗ್ತಾನ. ನಿನ್ನಂಗ.”

“ಹಂಗಾದ್ರ ಚೊಲೋ ಮನಸ್ಯಾನ್ನ ಆರಿಸೀಯಪಾ. ಹೊಲಾ ಐತೇನು?”

“ಐತಿ. ಅರ್ಧಾ ಕಲ್ಲು, ಅರ್ಧಾ ಹೊಲಾ.”

ಕಟ್ಟೆಯ ಮೇಲಿಂದ ಚಂದವ್ವ, ಕಲ್ಲು ಯಾರ ಪಾಲಿಗೆ ಎಂದು ಕೇಳಿದಳು. ಕೆಳಗಿನಿಂದ ನಗೆ ಕೇಳಿತು. ಸಾಹೇಬರೂ ನಕ್ಕರು. ಹಾರೆ ರಾಡಿಗೆ ಬೀಳುವ ಸಪ್ಪಳ ಬರುತ್ತಿತ್ತು. ರಾಡಿಯ ಮೇಲೆ ಒಂದು ಗಟ್ಟಿ ಪದರ ಕಟ್ಟಿತ್ತು, ಹಾರೆ ಅದನ್ನು ಒಡೆಯಿತು. ಒಡೆದ ಕಡೆ ಗುಳ್ಳೆ ಎದ್ದವು. ಕಂದೀಲಿನ ಬೆಳಕಿನಲ್ಲಿ ನಾನು ಅದನ್ನು ಕಂಡೆ. ಆಗಲೇ ಒಂದು ವಾಸನೆ ಮೇಲಕ್ಕೆ ಬಂತು. ಗಟಾರದ ಎಂದಿನ ನಾತವಲ್ಲ, ಕೊಳೆತ ತತ್ತಿಯ ನಾತ. ಹುಸೇನಸಾಬ ವಾಸನೆಯ ಬಗ್ಗೆ ಕೇಳಿದ.

“ಬಂದಿತ್ತು,” ಎಂದ ಯಮನಪ್ಪ. “ಈಗ ಇಲ್ಲ. ಹೋತು.”

ವಾಸನೆ ಹೋಯಿತು ಎಂದದ್ದು ಕೇಳಿ ನಮಗೆಲ್ಲ ಸಮಾಧಾನವಾಯಿತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಹೋದದ್ದು ವಾಸನೆಯಲ್ಲ, ಅವನ ಮೂಗು. ಆ ಗಾಳಿ ಹೆಚ್ಚಾದರೆ ಮೊದಲು ಮೂಗನ್ನೇ ಕೊಲ್ಲುತ್ತದೆ ಎಂದು ಆಮೇಲೆ ಓದಿ ತಿಳಿದೆವು. ಆವತ್ತು ದಂಡೆಯ ಮೇಲೆ ನಿಂತ ಯಾರಿಗೂ ಗೊತ್ತಿರಲಿಲ್ಲ.

“ಮದುವಿಗೆ ನನ್ನ ಕರೀತೀಯೋ ಇಲ್ಲೋ?” ಎಂದು ಹುಸೇನಸಾಬ ಕೇಳಿದ.

ಉತ್ತರ ಬರಲಿಲ್ಲ. ಹಾರೆಯ ಸಪ್ಪಳವೂ ನಿಂತಿತ್ತು. ಆಮೇಲೆ ಕೆಳಗಿನಿಂದ ಯಮನಪ್ಪನ ದನಿ ಬಂತು, ನಿದ್ದೆಯಲ್ಲಿ ಮಾತಾಡಿದಂತೆ.

“ಜ್ವಾಳಾ ಇನ್ನೂ ಐತಿ.”

ಇವನು ಏನು ಹೇಳುತ್ತಿದ್ದಾನೆ ಎಂಬಂತೆ ಸಾಹೇಬರು ನನ್ನ ಕಡೆ ನೋಡಿದರು. ನನಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಹುಸೇನಸಾಬನಿಗೆ ಆಗಿತ್ತು. ಯಮನಪ್ಪ ತಾನು ಹಗೇವಿನಲ್ಲಿದ್ದೇನೆ ಎಂದುಕೊಂಡಿದ್ದ. ಹುಸೇನಸಾಬ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಹಿಂದಕ್ಕೆ ವಾಲಿದ. “ದೀಪ ಉರೀತಾ ಇದೆಯಲ್ರೀ” ಎಂದರು ಸಾಹೇಬರು. ಅದು ನಿಜ. ನಾನೂ ನೋಡಿದೆ. ಕಂದೀಲು ಮೊದಲಿನಂತೆಯೇ ಉರಿಯುತ್ತಿತ್ತು, ಅದರ ಬೆಳಕಿನಲ್ಲೇ ಯಮನಪ್ಪ ಮೊಣಕಾಲೂರಿ ಮುಂದಕ್ಕೆ ಬೀಳುವುದು ಕಾಣಿಸಿತು. ಹುಸೇನಸಾಬ ಕಂದೀಲಿನ ಕಡೆ ನೋಡಲೇ ಇಲ್ಲ. “ದೀಪದ ಸುದ್ದಿ ಬಿಡ್ರಿ, ಹಗ್ಗಾ ಹಿಡೀರಿ” ಎಂದ.

ನನಗೆ ನೆನಪಿರುವುದು ಹೀಗೆ. ನನ್ನ ಕಾಲು ಆಗಲೇ ನಿಚ್ಚಣಿಕೆಯ ಮೊದಲ ಮೆಟ್ಟಿಲ ಮೇಲೆ ಇತ್ತು. ಯೋಚಿಸಿ ಇಟ್ಟದ್ದಲ್ಲ. ಸ್ನೇಹಿತ ಬಿದ್ದರೆ ಕಾಲು ತಾನಾಗಿ ಹೋಗುತ್ತದೆ. ಸಾಹೇಬರು ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದರು, ಗುಂಡಿ ಕಿತ್ತು ಬಂದವು. ಮೃದು ಮಾತಿನ ಆ ಮನುಷ್ಯನ ಕೈಯಲ್ಲಿ ಅಷ್ಟು ಬಲವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮೂವರೂ ಒಂದೇ ಹಗ್ಗ ಹಿಡಿದು ಜಗ್ಗಿದೆವು. ಯಮನಪ್ಪನ ತಲೆ ಬಾಯಿಗೆ ಬಂದಾಗ ಸಾಹೇಬರು ಮೊಣಕಾಲೂರಿ ಅವನ ಎರಡೂ ಕಂಕುಳಿಗೆ ಕೈಹಾಕಿ ತಬ್ಬಿ ಎತ್ತಿದರು. ಅವರ ಬಿಳಿ ಅಂಗಿಯೆಲ್ಲ ರಾಡಿಯಾಯಿತು.

ಓಣಿಯ ತುದಿಗೆ, ಬಾವಿಯ ಗಾಳಿ ತಾಕದ ಕಡೆಗೆ ಹೊತ್ತೊಯ್ದು ಮಲಗಿಸಿದೆವು. ಉಸಿರು ಇತ್ತು, ಆದರೆ ಎಲ್ಲೋ ದೂರದಿಂದ ಬರುವಂತಿತ್ತು. ಯಾರೋ ಡಾಕ್ಟರನ್ನು ಕರೆತರಲು ಓಡಿದರು. ಚಂದವ್ವ ಬೇಳೆ ಚೆಲ್ಲಿ ಮೊರ ತಂದಳು, ನೆಲದ ಮೇಲೆ ಕುಳಿತು, ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೀಸತೊಡಗಿದಳು. ಸೆರಗನ್ನು ಸಿಹಿನೀರಿನ ಕೊಡಕ್ಕೆ ಅದ್ದಿ ಅವನ ಮುಖ ಒರೆಸಿದಳು. ಸುತ್ತ ನಿಂತ ಜನ ಅದನ್ನು ನೋಡಿದರು. ಹುಸೇನಸಾಬ ಅವನ ಕಾಲಬಳಿ ಕುಳಿತು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ, ಸಣ್ಣ ದನಿಯಲ್ಲಿ. ಮದುವಿಗೆ ಕರೀತೀಯೋ ಇಲ್ಲೋ. ಕರೀತೀಯೋ ಇಲ್ಲೋ. ಹಗ್ಗದ ತುದಿ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

ಎಷ್ಟು ಹೊತ್ತಾಯಿತೋ ನಾನು ಹೇಳಲಾರೆ. ಯಮನಪ್ಪ ಕೆಮ್ಮಿದ. ಕಣ್ಣು ಬಿಟ್ಟ. ಮೊರವನ್ನು ನೋಡಿದ, ಚಂದವ್ವನನ್ನು ನೋಡಿದ, ಗಾಬರಿಯಿಂದ ಏಳಲು ಹೋದ. ಚಂದವ್ವ ಅವನ ಹಣೆ ಒತ್ತಿ ಹಿಡಿದು, “ಸುಮ್ನ ಮಲಕ್ಕೋ. ನನ್ನ ತೊಡಿ ಏನ್ ಮುರಿಯೂದಿಲ್ಲ” ಎಂದಳು. ಆಮೇಲೆ ಅವನು ಹುಸೇನಸಾಬನ ಕಡೆ ತಿರುಗಿ, “ಕರೀತೇನಿ” ಎಂದ.

ಹುಸೇನಸಾಬ ಎದ್ದು ಪಂಪಿನ ಮನೆಯ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾವು ಬಾವಿಯ ಹತ್ತಿರ ಹೋದಾಗ ಕಂದೀಲು ಇನ್ನೂ ಉರಿಯುತ್ತಲೇ ಇತ್ತು. ಸಾಹೇಬರು ಬಗ್ಗಿ ಅದನ್ನೇ ನೋಡುತ್ತ ನಿಂತರು, ನಾನು ತೋಳು ಹಿಡಿದು ಸರಿಸಬೇಕಾಯಿತು. ಹಗೇವಿನಲ್ಲಿ ಮುಚ್ಚಿಟ್ಟ ಜೋಳ ಒಳಗಿನ ಗಾಳಿಯ ಸತ್ವವನ್ನೇ ತಿಂದು ಮುಗಿಸಿರುತ್ತದೆ. ದೀಪಕ್ಕೂ ಮನುಷ್ಯನಿಗೂ ಬೇಕಾದದ್ದು ಅದೇ, ಆದ್ದರಿಂದ ಅಲ್ಲಿ ದೀಪ ನಂಬಿಗಸ್ತ. ಹೊಲಸು ಬಾವಿಯಲ್ಲಿ ಆ ಸತ್ವ ಇತ್ತು, ಜೊತೆಗೆ ವಿಷವೂ ಇತ್ತು. ವಿಷಕ್ಕೆ ದೀಪ ಹೆದರುವುದಿಲ್ಲ. ಇನ್ನೂ ಒಂದು ಮಾತು. ರಾಡಿಯಿಂದ ಏಳುವ ಕೆಲವು ಗಾಳಿಗಳು ದೀಪ ತಗುಲಿದರೆ ಹೊತ್ತಿಕೊಳ್ಳುತ್ತವೆ. ಆವತ್ತು ಹಾಗಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಹಿರಿಯರು ಕಟ್ಟಿದ ಕಟ್ಟುಗಳಲ್ಲಿ ಒಂದು ನಮ್ಮನ್ನು ಕೆಳಗೆ ಇಳಿಸಿತು, ಇನ್ನೊಂದು ಮೇಲೆತ್ತಿತು. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದು ನಾವು ಕೇಳಿರಲಿಲ್ಲ, ಅಷ್ಟೆ.

ಸಾಹೇಬರು ಆವತ್ತು ಊಟ ಮಾಡಲಿಲ್ಲ. ಸಂಜೆ ನನ್ನನ್ನು ಕರೆದು, ಆ ಒಣ ಬಾವಿಯ ನಕಾಶೆ ಇದೆಯೇ ಎಂದು ಕೇಳಿದರು. ಮಳೆ, ಕರಿಕಲ್ಲು, ಸಿಹಿನೀರಿನ ಬಾವಿ, ಅವರು ಮುಂಚೆ ಹೇಳಿದ ಮಾತುಗಳೆಲ್ಲ ಹಾಗೆಯೇ ಇದ್ದವು. ಒಂದೂ ಕಡಿಮೆಯಾಗಿರಲಿಲ್ಲ. ಆದರೂ ತೋಡೋಣ ಎಂದರು. ಮೇಲಿನವರಿಗೆ ತಾವೇ ಉತ್ತರ ಕೊಡುವುದಾಗಿ ಹೇಳಿದರು. ಆಮೇಲೆ ಕೊಟ್ಟರು, ಆದರೆ ಅದು ಅವರಿಗೆ ಸುಲಭವಾಗಲಿಲ್ಲ.

ಆ ಮಳೆಗಾಲವನ್ನು ಮುದುಕಿಯ ಮೇಲೆ ಭಾರ ಹಾಕಿ ಕಳೆದೆವು. ಮೂರು ಕಂಬದ ಮುಕ್ಕಾಲಿ ನಿಲ್ಲಿಸಿ, ಸರಪಳಿ ಗಾಲಿಯಿಂದ ಇಡೀ ಹೀರುಕೊಳವೆಯನ್ನೇ ಮೇಲೆತ್ತಿ, ಹೊಸ ಫುಟ್‌ವಾಲ್ವು ಹಾಕಿ, ಅದರ ಸುತ್ತ ಒಂದು ದೊಡ್ಡ ಬುಟ್ಟಿ ಕಟ್ಟಿ ಇಳಿಬಿಟ್ಟೆವು. ಕಸ ಸಿಕ್ಕಿಕೊಂಡಾಗಲೆಲ್ಲ ಕೊಳವೆಯನ್ನು ಎತ್ತಿ ದಂಡೆಯ ಮೇಲೆ ಬಿಡಿಸುತ್ತಿದ್ದೆವು. ಬೆವರು ಹರಿಯುವ ಕೆಲಸ, ಆದರೆ ಆಗುವ ಕೆಲಸ. ಇಷ್ಟು ಸರಳವಾದದ್ದು ವರ್ಷಗಟ್ಟಲೆ ಯಾರಿಗೂ ಯಾಕೆ ಹೊಳೆದಿರಲಿಲ್ಲ ಎಂದು ಸಾಹೇಬರು ಒಮ್ಮೆ ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಇಳಿಯಲು ಯಮನಪ್ಪ ಇದ್ದ, ಅದಕ್ಕೆ ಹೊಳೆದಿರಲಿಲ್ಲ.

ಒಮ್ಮೆ ದೊಡ್ಡ ಮಳೆಗೆ ಮುದುಕಿ ನಿಂತುಬಿಟ್ಟಳು. ಹೊಲಸು ನೀರು ಚಂದವ್ವನ ಹೊಸ್ತಿಲು ದಾಟಿ ಸಿಹಿನೀರಿನ ಬಾವಿಯ ಕಟ್ಟೆಯ ಬುಡಕ್ಕೆ ಬಂತು. ಓಣಿಯ ಗಂಡಸರು, ಹೆಂಗಸರು ಎಲ್ಲ ಸೇರಿ ಮಣ್ಣು ತುಂಬಿದ ಚೀಲ ಒಟ್ಟಿ ತಡೆದರು. ಸಾಹೇಬರು ತೊಯ್ಸಿಕೊಂಡು ಚೀಲ ಹೊರುತ್ತಿದ್ದರು. ಚಂದವ್ವ ತನ್ನ ಮನೆಯ ತುಂಬ ಹೊಲಸು ನೀರು ನಿಂತಿದ್ದರೂ ಅವರಿಗೆ ಕೇಳುವಂತೆ, “ಈಗಾದ್ರೂ ಒಂದು ಬೈಗುಳಾ ಬೈರಿ ಸಾಹೇಬ್ರ, ಹಗುರ ಆಗತೈತಿ” ಎಂದಳು. ಅವರು ಮುದುಕಿಯನ್ನು ನೋಡಿ ಏನೋ ಬೈಯಲು ಪ್ರಯತ್ನಿಸಿದರು. ಕನ್ನಡದಲ್ಲಿ ಅಷ್ಟು ಮೆತ್ತನೆಯ ಬೈಗುಳವನ್ನು ನಾನು ಮತ್ತೆ ಕೇಳಲಿಲ್ಲ. ಆದರೆ ಹುಸೇನಸಾಬನ ಮುಂದಿನ ಹ್ಯಾಂಡಲ್ಲಿಗೆ ಮುದುಕಿ ಎದ್ದಳು. ಬಾವಿ ಉಳಿಯಿತು.

ಒಣ ಬಾವಿ ಮುಗಿದು ಮೋಟಾರು ತಿರುಗಿದ ದಿನ ಹುಸೇನಸಾಬ ಕಿವಿಗೊಟ್ಟು ಕೇಳಿ, ಇದು ಇಂಜಿನ್ ಅಲ್ಲ, ಜೇನುಹುಳ ಎಂದ. ಹೊಲಸು ಬಾವಿಯ ಬಾಯಿಗೆ ಕಬ್ಬಿಣದ ಸರಳು ಬಿಗಿದೆವು. ಬುಟ್ಟಿ ಎತ್ತುವ ಸರಪಳಿಯ ಕೆಲಸ ಯಮನಪ್ಪನಿಗೆ ಬಂತು. ದಂಡೆಯ ಮೇಲೆ ನಿಂತು, ಬಿಸಿಲಲ್ಲಿ, ಗಾಳಿಯಲ್ಲಿ ಮಾಡುವ ಕೆಲಸ. ಕಂದೀಲನ್ನು ಆವತ್ತೇ ಅದರ ಹಗ್ಗ ಜಗ್ಗಿ ಎತ್ತಿಸಿದ್ದೆ. ಅದರ ಹಿತ್ತಾಳೆಯೆಲ್ಲ ಕಪ್ಪಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಗರಖೇಡದ ಮದುವೆ ಆ ಸುಗ್ಗಿ ಮುಗಿದ ಮೇಲೆ ಆಯಿತು. ನಾವು ಹೋದೆವು. ಸಾಹೇಬರೂ ಬಂದರು. ಚಂದವ್ವ ಬರಲಿಲ್ಲ, ಆದರೆ ಮದುಮಗಳಿಗೆ ಸೀರೆ ಕಳಿಸಿದ್ದಳು. ಊಟಕ್ಕೆ ಕುಳಿತಾಗ ಯಮನಪ್ಪ ತಾನೇ ಬಡಿಸುತ್ತ ಬಂದ. ತಲೆಗೆ ಹೊಸ ಪಟಗ ಸುತ್ತಿದ್ದ, ಕೈಯಲ್ಲಿ ಹುಗ್ಗಿಯ ಪಾತ್ರೆ. ಹುಸೇನಸಾಬನ ಎಲೆಯ ಮುಂದೆ ಬಗ್ಗಿ, “ಹುಸೇನಣ್ಣಾ, ಇನ್ನಷ್ಟು ಹಾಕ್ಲೇನು?” ಎಂದು ಕೇಳಿದ.

ಹುಸೇನಸಾಬ ತಲೆ ತಗ್ಗಿಸಿ ಕುಳಿತಿದ್ದ. ಮಾತಾಡಲಿಲ್ಲ.

“ಹುಸೇನಣ್ಣಾ,” ಎಂದ ಯಮನಪ್ಪ.

ಉತ್ತರವಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಅವನು ಆಟವಾಡುತ್ತಿದ್ದಾನೆ ಎಂದು ನನಗೆ ಕಾಣುತ್ತಿತ್ತು. ಯಮನಪ್ಪನಿಗೆ ಕಾಣಲಿಲ್ಲ. ಪಾತ್ರೆಯನ್ನು ನೆಲಕ್ಕೆ ಇಟ್ಟ, ಇಟ್ಟನೋ ಬಿಟ್ಟನೋ, ಹುಗ್ಗಿ ಚೆಲ್ಲಿತು. ಎರಡೂ ಕೈಯಿಂದ ಅವನ ಭುಜ ಹಿಡಿದು ಅಲುಗಿಸಿದ. ಆಗ ಹುಸೇನಸಾಬ ತಲೆ ಎತ್ತಿ ನಗುತ್ತ, “ಹಿಂಗ ಆಗಿತ್ತು ನೋಡಪಾ ನನಗ, ಆವತ್ತ” ಎಂದ.

ಪಂಕ್ತಿಯಲ್ಲಿ ಕುಳಿತವರು ನಕ್ಕರು. ಯಮನಪ್ಪ ನಗಲಿಲ್ಲ. ಅವನ ಎದುರು ಹಾಗೆಯೇ ಕುಂಡಿಯೂರಿ ಕುಳಿತುಬಿಟ್ಟ, ಉಸಿರು ಸರಿಹೋಗುವವರೆಗೆ.

“ಇನ್ನೊಮ್ಮಿ ಹಿಂಗ ಮಾಡಬ್ಯಾಡ,” ಎಂದ.

“ಇಲ್ಲ,” ಎಂದ ಹುಸೇನಸಾಬ. ತಡ ಮಾಡದೆ ಎಂದ.